ಹಸಿಂತಾ ತಿಕ್ಕಿದ ಕಲ್ಲುಗಳು

ಬಕಲಾರ್ ಸರೋವರದ ದಂಡೆಯಲ್ಲಿ ಹಸಿಂತಾ ಕೌಇಚ್‌ಳ ಸ್ನಾನಘಟ್ಟದಷ್ಟು ಚೊಕ್ಕಟವಾದದ್ದು ಇನ್ನೊಂದಿರಲಿಲ್ಲ. ಗಂಡ ಸತ್ತ ಮೇಲೆ ಇಪ್ಪತ್ತೆರಡು ವರ್ಷ ಅವಳ ಹೊಟ್ಟೆ ಹೊರೆದದ್ದು ಅದೇ. ಈಜಲು ಬಂದವರು ಅವಳ ಕೈಯ ಪನೂಚೊ ರೊಟ್ಟಿ ತಿಂದು, ನೀರಿನಲ್ಲಿದ್ದ ದುಂಡು ಕಲ್ಲುಗಳ ಮೇಲೆ ಬಿಸಿಲು ಕಾಯಿಸುತ್ತ ಕೂರುತ್ತಿದ್ದರು. ಆ ಕಲ್ಲುಗಳ ಮೇಲೆ ಹಸಿರು ಲೋಳೆ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಯಾರಾದರೂ ಜಾರಿ ಬಿದ್ದರೆ ಮಾನ ಹೋಗುವುದು ತನ್ನದಲ್ಲವೇ? ಪ್ರತಿ ಸೋಮವಾರ ಸೊಂಟದುದ್ದ ನೀರಿಗಿಳಿದು ಕತ್ತಾಳೆ ನಾರಿನ ಬ್ರಷ್ಷಿನಿಂದ ಗಸಗಸ ತಿಕ್ಕುವಳು. ಅವಳ ಬಾಯಿಗೆ ಹೆದರಿ ಅಕ್ಕಪಕ್ಕದ ಘಟ್ಟದವರೂ ಆಗೊಮ್ಮೆ ಈಗೊಮ್ಮೆ ಬ್ರಷ್ ಹಿಡಿಯುತ್ತಿದ್ದರು.

ಚೆಟುಮಾಲ್ ಪಟ್ಟಣದ ಮೇಷ್ಟರಮ್ಮ ನೊಯೆಮಿ ಕಲ್ಲು-ನೀರಿನ ರಸಾಯನ ಓದಿದವಳು. ಕಲ್ಲು ಎಷ್ಟು ಬೆಳೆಯುತ್ತದೆಂದು ಅಳೆಯಲು ಎರಡು ವರ್ಷದ ಹಿಂದೆ ಎರಡು ಕಲ್ಲಿಗೆ ಒಂದೊಂದು ಸಣ್ಣ ಉಕ್ಕಿನ ಮೊಳೆ ಹೊಡೆದು ಹೋಗಿದ್ದಳು. ಒಂದು ಹಸಿಂತಾಳ ಘಟ್ಟದಲ್ಲಿ, ಇನ್ನೊಂದು ಜನ ಸುಳಿಯದ ಜೊಂಡಿನಾಚೆ. ಈ ಏಪ್ರಿಲ್‌ನಲ್ಲಿ ಬಂದು ನೋಡಿದರೆ ಜೊಂಡಿನಾಚೆಯ ಮೊಳೆ ಸುಣ್ಣದ ತೆಳು ಪದರದಡಿ ಮುಚ್ಚಿಹೋಗಿತ್ತು. ಹಸಿಂತಾಳ ಘಟ್ಟದ್ದು ಹೊಸದರಂತೆ ಮಿಂಚುತ್ತಿತ್ತು. ನೊಯೆಮಿಯ ಮುಖ ಇಳಿಯಿತು.

"ಇಲ್ಲಿ ನೀರು ಕೆಟ್ಟಿದೆ ಅನ್ಸತ್ತೆ, ದೋನ್ಯಾ ಹಸಿಂತಾ. ಯಾರೋ ಕೊಳಚೆ ಬಿಡ್ತಿದ್ದಾರೆ."

"ನೀರಿಗೂ ಕಲ್ಲಿಗೂ ಏನಮ್ಮ ಸಂಬಂಧ?"

ನೊಯೆಮಿ ಕಲ್ಲಿನ ಚೂರೊಂದರ ಮೇಲೆ ಹುಳಿಕಿತ್ತಳೆ ಹಿಂಡಿದಳು. ಬುಸುಬುಸು ನೊರೆ ಬಂತು. "ನೀವು ಮೆಕ್ಕೆಜೋಳ ಬೇಯಿಸೋಕೆ ಹಾಕ್ತೀರಲ್ಲ ಸುಣ್ಣ, ಇದೂ ಅದರ ಬಳಗವೇ. ನಮ್ಮ ನೀರಿನ ತುಂಬ ಕರಗಿದೆ. ಆ ಹಸಿರು ಲೋಳೆಗೆ ಜೀವ ಇದೆ. ಬಿಸಿಲು ಬಿದ್ದಾಗ ಅದು ನೀರಲ್ಲಿರೋ ಇಂಗಾಲಾನ ಎಳ್ಕೊಳ್ಳತ್ತೆ. ಆಮೇಲೆ ಸುಣ್ಣಕ್ಕೆ ಕರಗಿರೋಕಾಗಲ್ಲ, ಪದರ ಪದರವಾಗಿ ಕೂರತ್ತೆ. ಸ್ಟ್ರೊಮಾಟೊಲೈಟ್ ಅಂದ್ರೆ ಅದೇ. ಲೋಳೆ ಕಟ್ಟಿದ ಕಲ್ಲು."

ಚೀಲದಿಂದ ನುಣುಪಾದ ಒಂದು ಕಲ್ಲಿನ ಬಿಲ್ಲೆ ತೆಗೆದು ಅವಳ ಕೈಗಿಟ್ಟಳು. "ಇದು ಆಸ್ಟ್ರೇಲಿಯಾದ್ದು. ಮುನ್ನೂರು ಕೋಟಿ ವರ್ಷದ್ದು. ಗೆರೆ ನೋಡಿ."

ಹಸಿಂತಾ ಒಂದೊಂದೇ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಇದನ್ನ ಯಾರೂ ತಿಕ್ಕಿಲ್ಲ," ಎಂದಳು.

"ಏನಂದ್ರಿ?"

"ನೀರು ಕೆಟ್ಟಿಲ್ಲ, ಮೇಷ್ಟರಮ್ಮ. ವಾರವಾರ ನಾನೇ ತಿಕ್ತಿದ್ದೆ. ನಿಮ್ಮ ಮೊಳೇನೂ ಬಿಡಲಿಲ್ಲ. ಹುಳಿಕಿತ್ತಳೆ ಹಚ್ಚಿ ಬೆಳಗಿದೀನಿ."

ಎರಡು ವರ್ಷದ ಕೆಲಸ ನೀರುಪಾಲಾಗಿತ್ತು. ನೊಯೆಮಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಒಳ್ಳೆಯ ಹೆಣ್ಣು. "ನಾನು ಯಾರಿಗೂ ಹೇಳಲ್ಲ," ಎಂದಳು. "ಗೊತ್ತಾದ್ರೆ ನಿಮ್ಮ ಘಟ್ಟ ಮುಚ್ಚಿಸ್ತಾರೆ."

ಹಸಿಂತಾ ಬಾಯಿ ಮುಚ್ಚಿಕೊಂಡಿದ್ದರೆ ಘಟ್ಟ ಉಳಿಯುತ್ತಿತ್ತು, ಅನ್ನವೂ ಉಳಿಯುತ್ತಿತ್ತು. ಆದರೆ ಇಡೀ ದಂಡೆಗೆ ತಿಕ್ಕುವುದನ್ನು ಕಲಿಸಿದವಳು ಅವಳೇ. ಭಾನುವಾರ ಊರ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ಅಂಥ ಎದೆಗಾರಿಕೆ ಆ ಸಭೆಯಲ್ಲಿ ಇನ್ನಾರಿಗೂ ಇರಲಿಲ್ಲ.

ಸಭೆಯ ಯಜಮಾನ ದೋನ್ ಎವರಿಸ್ತೊ ಸಿಕ್ಕಿದ್ದೇ ಸಮಯವೆಂದು ಚುಚ್ಚಿದ. "ನನ್ನ ಘಟ್ಟ ಹಂದಿಗೂಡು ಅಂತ ಊರೆಲ್ಲ ಸಾರಿದ್ದು ನೀವೇ ಅಲ್ವಾ, ದೋನ್ಯಾ?"

"ನಾನೇ. ನಿಮ್ಮ ಸೋಮಾರಿತನದಿಂದ ನಿಮ್ಮ ಕಲ್ಲು ಉಳೀತು, ದೋನ್ ಎವರಿಸ್ತೊ. ದೇವರು ಹಾಗೇ ಇಟ್ಟಿರಲಿ." ಸಭೆ ಗೊಳ್ಳೆಂದಿತು. ಅವಳು ಮಾತ್ರ ನಗಲಿಲ್ಲ. "ಕಲ್ಲು ಮುಟ್ಟಬಾರದು, ಮೇಲೆ ಕೂರಬಾರದು ಅಂತ ಕಟ್ಟಳೆ ಮಾಡಿ. ಮೊದಲು ನನ್ನ ಘಟ್ಟ ಮುಚ್ಚಿ."

ಎವರಿಸ್ತೊನ ದನಿ ಮೆತ್ತಗಾಯಿತು. "ಹೊಟ್ಟೆಪಾಡಿಗೆ ಏನ್ಮಾಡ್ತೀರಿ?"

"ಗೊತ್ತಿಲ್ಲ." ಅವಳು ನೊಯೆಮಿಯತ್ತ ತಿರುಗಿದಳು. "ನಾನು ಕೆರೆದು ಹಾಕಿದ್ದೆಲ್ಲ ಮತ್ತೆ ಕೂರೋಕೆ ಎಷ್ಟು ವರ್ಷ ಬೇಕು?"

"ಸುಳ್ಳು ಹೇಳಲ್ಲ, ದೋನ್ಯಾ. ಮೊಳೆ ಮುಚ್ಚೋಕೆ ಎರಡು ವರ್ಷ ಸಾಕು, ಕೆರೆದುಹೋದ ಕಲ್ಲು ಮತ್ತೆ ಬೆಳೆಯೋದನ್ನ ನೀವೂ ನೋಡಲ್ಲ, ನಾನೂ ನೋಡಲ್ಲ."

"ಅಷ್ಟು ಕಾಲ ಬೇಕು ಅಂದ್ಮೇಲೆ ನಾಳೆಗೆ ಯಾಕೆ ಬಿಡೋದು?" ಎಂದು ಹಸಿಂತಾ ಕಟ್ಟಳೆಯ ಪರವಾಗಿ ಎಲ್ಲರಿಗಿಂತ ಮೊದಲು ಕೈ ಎತ್ತಿದಳು.