ಚಾಚಿಯ ಹೆಸರು ಐದು ಸಲ

ಮೊನ್ನೆ ರೋಣದಿಂದ ನರಗುಂದಕ್ಕೆ ಬರುವ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹೆಂಗಸಿನ ಶಾಲಿನಿಂದ ಡಾಂಬರು ಗುಳಿಗೆಯ ವಾಸನೆ ಬಂತು. ಕೂಡಲೇ ನನ್ನ ಬೆನ್ನು ನೆಟ್ಟಗಾಯಿತು. ಯಾರೋ ಹಿಂದೆ ಕುಳಿತು ನನ್ನನ್ನೇ ಕಾಯುತ್ತಿದ್ದಾರೆ ಅನ್ನಿಸಿತು...

ನಾನು ಹುಡುಗಿಯಾಗಿದ್ದಾಗ ನಮ್ಮೂರು ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸು ಶುರುವಾದ ಹೊಸತು. ಹುಡುಗರೇ ಹೆಚ್ಚು, ಕಲಿಸುವ ಸರ್‌ಗೆ ಇನ್ನೂ ಮದುವೆಯಾಗಿರಲಿಲ್ಲ. ಅಪ್ಪ ಒಂದೇ ಷರತ್ತಿನ ಮೇಲೆ ಒಪ್ಪಿದ. ಮಗ್ಗಲು ಮನೆಯ ಚಾಚಿ ದಿನವೂ ನನ್ನ ಜೊತೆಗೆ ಬಂದು ಕೂಡಬೇಕು. ಅವಳು ಬೇಡ ಅಂದ ದಿನ ಕ್ಲಾಸು ಬಂದ್.

ಚಾಚಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುವಳು. ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕೆಂದರೆ, ತನ್ನವನ್ನೂ ನನ್ನವನ್ನೂ ಚೀಲಕ್ಕೆ ಹಾಕಿಕೊಂಡು ಒಳಗೆ ಬರುವಳು. ಏಸಿಯ ಥಂಡಿಗೆಂದು ಟ್ರಂಕಿನ ಶಾಲು ಹೊದ್ದು ಹಿಂದೆ ಕುಳಿತರೆ ಇಡೀ ಕೋಣೆ ಡಾಂಬರು ಗುಳಿಗೆ ನಾರುತ್ತಿತ್ತು. ಅಪ್ಪನ ಕಿವಿಯಲ್ಲಿ ಏನೇನು ಊದುತ್ತಾಳೋ ಎಂದು ನನಗೂ ಅವಳ ಮೇಲೆ ಗುಮಾನಿ.

ಊರೆಲ್ಲ ಅಂಗಡಿ ಲೆಕ್ಕದ ಟ್ಯಾಲಿ ಕಲಿಯುವಾಗ ನಮ್ಮ ಸರ್ ಪೈಥಾನ್ ಎಂಬ ಪ್ರೋಗ್ರಾಮ್ ಭಾಷೆ ಹಿಡಿದಿದ್ದರು. ಆ ದಿನ ಲೂಪ್ ಪಾಠ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡು ಎಂದು ಯಂತ್ರಕ್ಕೆ ಒಮ್ಮೆ ಹೇಳಿದರೆ ಸಾಕು. ಎಲ್ಲಿ ನಿಲ್ಲಬೇಕೆಂಬುದನ್ನೂ ಹೇಳಬೇಕು, ಅಷ್ಟೇ. ಅವರವರ ಹೆಸರು ಐದು ಸಲ ಬರೆಸಬೇಕಿತ್ತು. ಪ್ರತಿ ಸಲಕ್ಕೂ ಲೆಕ್ಕವನ್ನು ಒಂದೊಂದೇ ಏರಿಸುವ ಸಾಲನ್ನು ನಾನು ಮರೆತೆ. ಲೆಕ್ಕ ಒಂದರಲ್ಲೇ ಕುಳಿತುಬಿಟ್ಟಿತು. ನನ್ನ ಹೆಸರು ಪರದೆಯ ತುಂಬ ಸರಸರ ಏರತೊಡಗಿತು. ಹುಡುಗರು ಅದನ್ನು ಜೋರಾಗಿ ಓದಿ ನಕ್ಕರು. ಸರ್ ಓಡಿಬಂದು ಎರಡು ಗುಂಡಿ ಒತ್ತಿ ನಿಲ್ಲಿಸಿದರು.

ನಿಲ್ಲಿಸಿದ್ದೇ ತಪ್ಪಾಯಿತು, ನನ್ನ ಹೆಸರು ಬರೆಸಿದವರೂ ಅವರೇ ಎಂದು ಚಾಚಿ ತಿಳಿದಳು. ನಮ್ಮಲ್ಲಿ ಹುಡುಗಿಯ ಹೆಸರು ಯಾವುದಾದರೂ ಗೋಡೆಯ ಮೇಲೆ ಒಮ್ಮೆ ಕಂಡರೂ ಅವಳು ಸಾಲಿ ಬಿಟ್ಟಂತೆಯೇ.

“ನಿಲ್ಲಸಾಕ ಬಂದಾಂವಗ ಶುರು ಮಾಡಾಕ ಬರೂದಿಲ್ಲೇನ?” ಮನೆಯ ದಾರಿಯಲ್ಲಿ ಚಾಚಿ ಸರ್ ಮೇಲೆ ಹರಿಹಾಯ್ದಳು.

“ನಾನ ಬರದೀನಿ ಚಾಚಿ, ಖರೇ.”

“ತನ್ನ ಹೆಸರ ತಾನ ಯಾರು ಇಷ್ಟ ಸಲ ಬರಕೋತಾರ?”

ನನಗೆ ಅಳು ಬಂತು. ಕ್ಲಾಸಿನ ಋಣ ಹರಿಯಿತು ಎಂದುಕೊಂಡೆ. ಚಾಚಿ ನಮ್ಮ ಬಾಗಿಲ ತನಕ ಬಂದು ನಿಂತಳು. “ನಾಳೆ ಮಾಡಿ ತೋರ್ಸು. ಅಲ್ಲೀತನಾ ನಿಮ್ಮಪ್ಪಗ ಏನೂ ಹೇಳೂದಿಲ್ಲ” ಅಂದಳು.

ಮರುದಿನ ಸರ್ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿ, ಅವಳು ನನ್ನ ಕುರ್ಚಿಯ ಹಿಂದೆ ನಿಂತಳು. ನನ್ನ ಹೆಸರು ಬೇಡ, ತನ್ನದನ್ನು ಬರೆ ಅಂದಳು. ಓಣಿಗೆಲ್ಲ ಚಾಚಿಯಾದವಳಿಗೆ ಒಂದು ಹೆಸರಿರುತ್ತದೆ ಎಂಬುದೇ ನನಗೆ ಹೊಳೆದಿರಲಿಲ್ಲ. ಬಗ್ಗಿ ಕಿವಿಯಲ್ಲಿ ಹೇಳಿದಳು. ಮೊದಲು, ಹಿಂದಿನ ದಿನ ಮರೆತ ಆ ಸಾಲನ್ನು ಬಿಟ್ಟೇ ಓಡಿಸಿದೆ. ಅವಳ ಹೆಸರು ನಿಲ್ಲದೆ ಏರಿತು. ನಾನೇ ಎರಡು ಗುಂಡಿ ಒತ್ತಿ ನಿಲ್ಲಿಸಿದೆ. ಸಾಲನ್ನು ಸೇರಿಸಿ ಮತ್ತೆ ಓಡಿಸಿದೆ. ಐದು ಸಲ ಬಂದು ತಾನೇ ನಿಂತಿತು. ಚಾಚಿಗೆ ಓದಲು ಬಾರದು, ನಾನು ಓದಿದ್ದನ್ನು ನಂಬದೆ ಪಕ್ಕದ ಹುಡುಗಿಯಿಂದ ಓದಿಸಿದಳು, ಪರದೆಗೆ ಬೆರಳಿಟ್ಟು ಎಣಿಸಿದಳು. ಆಮೇಲೆ “ಇನ್ನೊಮ್ಮೆ ಮಾಡು” ಅಂದಳು. ಆ ದನಿಯಲ್ಲಿ ಗುಮಾನಿ ಇರಲಿಲ್ಲ...

ಸಂಜೆ ಕಟ್ಟೆಯ ಮೇಲೆ ಅಪ್ಪನಿಗೆ ಪೂರಾ ಸುದ್ದಿ ಮುಟ್ಟಿಸಿದಳು. ಅಪ್ಪನ ಹುಬ್ಬು ಗಂಟಾಯಿತು. “ಕಳಸ್ರಿ” ಅಂದಳು ಚಾಚಿ. “ಶುರು ಮಾಡಿದ್ದನ್ನ ಎಲ್ಲಿ ನಿಲ್ಲಸಬೇಕು ಅನ್ನೂದು ಈಕಿಗೆ ಗೊತ್ತೈತಿ. ನಾನ ನೋಡೇನಿ.” ಅವಳು ನೋಡಿದ್ದಾಳೆ ಎಂದ ಮೇಲೆ ಓಣಿಯಲ್ಲಿ ಯಾರೂ ಎರಡು ಮಾತಾಡುತ್ತಿರಲಿಲ್ಲ.

ಚಾಚಿ ತೀರಿಕೊಂಡು ಬಹಳ ವರ್ಷಗಳಾದವು. ಬಸ್ಸಿನ ಆ ಹೆಂಗಸು ಶಿರೋಳದಲ್ಲಿ ಇಳಿದಳು, ವಾಸನೆಯೂ ಅವಳ ಹಿಂದೆ ಹೋಯಿತು. ನಾನೀಗ ನರಗುಂದದಲ್ಲಿ ಅದೇ ಲೂಪ್ ಕಲಿಸುತ್ತೇನೆ. ಹೇಳಿದ್ದನ್ನೆಲ್ಲ ಹುಡುಗರು ಸುಮ್ಮನೆ ನಂಬಿ ಬರೆದುಕೊಳ್ಳುತ್ತಾರೆ. ನನ್ನ ಹಿಂದೆ ನಿಂತು, ಮಾಡಿ ತೋರ್ಸು ಅನ್ನುವವರು ಈಗ ಒಬ್ಬರೂ ಇಲ್ಲ.