ಡ್ರೈವರ್ ಬೀರಸಿದ್ದಪ್ಪ ಸಮುದ್ರಕ್ಕೆ ಇಳಿದದ್ದು

ಗೋಕಾಕ ಬಸ್‌ಸ್ಟ್ಯಾಂಡಿನ ಎದುರು ಬಾಡಿಗೆಯ ಟ್ರ್ಯಾಕ್ಸ್ ಗಾಡಿ ನಿಲ್ಲಿಸುತ್ತಿದ್ದ ಬೀರಸಿದ್ದಪ್ಪ ವೆಂಗುರ್ಲೆಯ ಸಮುದ್ರಕ್ಕೆ ಎಷ್ಟು ಸಲ ಬಾಡಿಗೆ ಹೊಡೆದಿದ್ದನೆಂದರೆ, ಅವನ ಹಾರ್ನ್ ಕೇಳಿದರೆ ಅಲ್ಲಿನ ಮೀನುಗಳು ದಂಡೆಗೆ ಬಂದು ಇಣುಕುತ್ತಿದ್ದವು. ಆದರೆ ಒಮ್ಮೆಯೂ ಅವನು ನೀರಿಗೆ ಇಳಿದವನಲ್ಲ. ಬಂದವರೆಲ್ಲ ತೆರೆಗೆ ಬಿದ್ದು ಕೇಕೆ ಹಾಕುವಾಗ ಅವರ ಅಂಗಿ, ಚಪ್ಪಲಿ, ಬಂಗಾರ ಕಾಯುವವನು ಅವನೇ. ಅರ್ಧ ಗೋಕಾಕದ ಚಪ್ಪಲಿಗಳಿಗೆ ಅವನ ಗುರುತಿತ್ತು. ಒಂದೇ ಒಂದು ಸಲ ನೀರಿನಲ್ಲಿ ನಿಂತು, ಎದುರಿಗೆ ಬರುವ ತೆರೆಯನ್ನು ಎದೆಗೆ ಬಡಿಸಿಕೊಳ್ಳಬೇಕೆಂಬುದು ಅವನ ಆಸೆ.

೧೯೯೮ರ ಚಳಿಗಾಲದ ಒಂದು ರವಿವಾರ, ಕಿರಾಣಿ ಅಂಗಡಿಯ ಸಮ್ಮೇದ, ಹಿಡಕಲ್ ಡ್ಯಾಮಿನಲ್ಲಿ ನೌಕರಿಯಲ್ಲಿದ್ದ ಕೆಂಚಪ್ಪ ಮತ್ತು ನಾನು ಅವನನ್ನು ಹೊರಡಿಸಿದೆವು.

"ಇವತ್ತ ನೀ ಡ್ರೈವರ್ ಅಲ್ಲಲೇ, ನಮ್ಮ ದೋಸ್ತ" ಎಂದ ಸಮ್ಮೇದ.

ಗಾಡಿ ಹೊಡೆದವನು ಮಾತ್ರ ಅವನೇ. ಉಳಿದ ಮೂವರಲ್ಲಿ ಸೈಕಲ್ ಬರುತ್ತಿದ್ದದ್ದು ನನಗೊಬ್ಬನಿಗೆ, ಅದೂ ಇಳಿಜಾರಿನಲ್ಲಿ.

ಸಂಕೇಶ್ವರ, ಆಂಬೋಲಿ ಘಾಟು ದಾಟಿ ವೆಂಗುರ್ಲೆಯ ಮೊದಲ ದಂಡೆಗೆ ಬಂದೆವು. ನೀರಿನಿಂದ ಗಾಡಿ ಕಾಣುವುದಿಲ್ಲವೆಂದು ಬೀರಸಿದ್ದಪ್ಪ ಇಳಿಯಲಿಲ್ಲ. ಎರಡನೆಯ ದಂಡೆಯಲ್ಲಿ ಮಂಗಗಳು ಸೀಟು ಹರಿಯುತ್ತವೆ ಎಂದ. ಮೂರನೆಯದರಲ್ಲಿ ಸಮುದ್ರವೇ ದೂರ ಸರಿದಿತ್ತು; ನಡುವೆ ರಾಶಿ ಮಾಡುವ ಕಣದಂಥ ಗಟ್ಟಿ ಉಸುಕು.

"ಇಷ್ಟ ವರ್ಷ ನೀರ ಕಾದೇನಿ" ಎಂದ ಕೆಂಚಪ್ಪ. "ಹಿಡಕಲ್‌ದಾಗ ಹಿಂದ ಸರದ ನೀರು ಮಳಿಗಾಲದ ತನಕ ಹೊಳ್ಳಿ ಬರೂದಿಲ್ಲ. ಒಯ್ದ ದಂಡಿಗೇ ಹಚ್ಚಲೇ ಗಾಡಿ!"

ಬೀರಸಿದ್ದಪ್ಪನ ಮುಖ ಮದುಮಗನದಾಯಿತು. ಗಾಡಿಯನ್ನು ನೀರಿನ ಹತ್ತಿರ ಒಯ್ದು, ರೂಢಿಯಂತೆ ಮೂತಿಯನ್ನು ಊರ ಕಡೆ ತಿರುಗಿಸಿ ನಿಲ್ಲಿಸಿದ. ಮೊದಲು ಊಟ ಎಂದ ಸಮ್ಮೇದ. ಅವನ ಮನೆಯವರು ಕಟ್ಟಿಕೊಟ್ಟ ಎಣ್ಣೆಗಾಯಿ ತಿಂದರೆ ಸತ್ತವನೂ ಎದ್ದು ಕೂತು ಮತ್ತೆ ನಿದ್ದೆ ಹೋಗುತ್ತಾನೆ. ನಾವೂ ಗಾಡಿಯ ನೆರಳಿಗೆ ಮಲಗಿದೆವು.

ಎಚ್ಚರವಾದದ್ದು ಬೀರಸಿದ್ದಪ್ಪನ ಕೂಗಿಗೆ. "ಏ ಕೆಂಚ್ಯಾ, ಯಾರೋ ಗೇಟ್ ತಗದಾರಲೇ!"

ನೀರು ಹಿಂದಿನ ಗಾಲಿ ನುಂಗಿತ್ತು; ಬೀರಸಿದ್ದಪ್ಪ ಎಷ್ಟು ಎಕ್ಸಿಲೇಟರ್ ಒತ್ತಿದರೂ ಗಾಲಿ ಉಸುಕಿನಲ್ಲೇ ತಿರುಗಿತು, ಕೊನೆಗೆ ಅವನೂ ನೂಕಲು ಇಳಿದ. ಸಮ್ಮೇದ ಸ್ಟೇರಿಂಗ್ ಹಿಡಿದು ಇಪ್ಪತ್ನಾಲ್ಕು ತೀರ್ಥಂಕರರನ್ನೂ ಕರೆದ. ಮೀನುಗಾರರು ಓಡಿಬಂದು ಮುಂದಿನಿಂದ ಹಗ್ಗ ಜಗ್ಗಿದರು. ಹಿಂದೆ ನಾವು ಮೂವರು ತೊಡೆಮಟ ನೀರಿನಲ್ಲಿ ನಿಂತು ನೂಕಿದೆವು. ತೆರೆಯ ಮೇಲೆ ತೆರೆ ಬೆನ್ನಿಗೆ ಅಪ್ಪಳಿಸುತ್ತಿತ್ತು. ಬೀರಸಿದ್ದಪ್ಪ ಗಾಡಿಗೆ ಹಣೆ ಹಚ್ಚಿ ಕಣ್ಣು ಮುಚ್ಚಿದ್ದ.

ಗಾಡಿ ಮೇಲೆ ಬಂತು.

"ಈಗರ ಹೋಗೋ ಮಾರಾಯಾ" ಎಂದೆ. "ಮಾರಿ ಆ ಕಡೆ ಮಾಡಿ ನಿಂದ್ರು. ಗಾಡಿ ನಾ ಕಾಯ್ತೀನಿ."

ಅವನು ತಿರುಗಿ ನೋಡಿದ. ಎರಡು ಹೆಜ್ಜೆ ಇಟ್ಟ. ಮತ್ತೆ ಗಾಡಿಯ ತಳ ನೋಡಿದ. "ಉಪ್ಪು ಕಬ್ಬಿಣಾ ತಿಂತೈತಿ. ನಾಳೆ ಮುಂಜಾನೆ ಮೂಡಲಗಿಗೆ ಮದವಿ ಬಾಡಿಗಿ ಐತಿ" ಎಂದವನೇ ಮೀನುಗಾರರ ಬಾವಿಯಿಂದ ಸಿಹಿನೀರು ಸೇದಿ ತೊಳೆಯತೊಡಗಿದ. ನಾವು ಮೂವರು ನಿಂತು ಸೂರ್ಯ ಮುಳುಗುವುದನ್ನು ನೋಡಿದೆವು. ಅವನು ಗಾಡಿಯ ಕೆಳಗಿದ್ದ.

ಮರುದಿನ ಮುಂಜಾನೆ ನಾನು ಅವನ ಮನೆಗೆ ಹೋದಾಗ ಅವನು ಮೂಡಲಗಿಗೆ ಹೊರಡಲು ಗಾಡಿ ಹತ್ತಿದ್ದ. ಹೆಂಡತಿ ಅಲ್ಲವ್ವ ಅವನ ಅಂಗಿಯನ್ನು ಬಕೆಟ್ಟಿಗೆ ಹಾಕಲು ಹೊರಟವಳು, ಬೆನ್ನ ಮೇಲೆ ಬೆಳ್ಳಗೆ ಒಣಗಿದ್ದ ಉಪ್ಪನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು.

"ಖರೇನ ಇಳದಿದ್ರೇನ್ರಿ?" ಎಂದಳು.

ಬೀರಸಿದ್ದಪ್ಪ ಚಾವಿ ತಿರುವಿದ. "ಇಳದಿದ್ನಿ. ಆದ್ರ ಸಮುದ್ರ ಬೆನ್ನ ಹಿಂದಿತ್ತ" ಎಂದು ಗೇರ್ ಹಾಕಿ, "ಆ ಅಂಗಿ ಇವತ್ತ ಒಗೀಬ್ಯಾಡ" ಎಂದ.