ಅತ್ತೆಯ ಮಾಳಿಗೆಯ ಮಣ್ಣು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಎದ್ದು ಹೋಗಿದ್ದೇನೆ. ಒಮ್ಮೆ ಕನ್ನಡಕ ಒಡೆಯಿತು, ಒಮ್ಮೆ ಬಿತ್ತನೆಯ ದಿನ ಬಂತು, ಒಮ್ಮೆ ಮೊಮ್ಮಗಳ ಮದುವೆ. ಈಗ ಹೇಳಲು ನೆಪವೇ ಉಳಿದಿಲ್ಲ.

ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳು. ಒಂದು ಬೆಳಿಗ್ಗೆ ನೆಲ ನಡುಗಿ, ಜೇವರ್ಗಿ ತಾಲ್ಲೂಕಿನ ನಮ್ಮೂರಿನ ಒಂದು ಓಣಿ ಪೂರ್ತಿ ಕುಸಿಯಿತು. ನಮ್ಮ ಕಡೆಯ ಮನೆಗಳೆಂದರೆ ಕಲ್ಲುಮಣ್ಣಿನ ಗೋಡೆ, ಮರದ ತೊಲೆ, ಅದರ ಮೇಲೆ ಚಾವಣಿಯಾಗಿ ಮಣ್ಣಿನ ಮಾಳಿಗೆ. ಸೋರಬಾರದೆಂದು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೇಲೆ ಹೊಸ ಮಣ್ಣು ಹಾಕುತ್ತಿದ್ದೆವು. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ಹಳೆಯದನ್ನು ಯಾರೂ ತೆಗೆಯುತ್ತಿರಲಿಲ್ಲ. ಆ ಭಾರವೇ ಜನರ ಮೇಲೆ ಬಿದ್ದಿತು.

ನಾನು ಕಲಬುರಗಿಯಲ್ಲಿ ಹೈಸ್ಕೂಲು ಓದಿದ್ದೆ, ಉರ್ದುವಿನಲ್ಲಿ ಅರ್ಜಿ ಬರೆಯಬಲ್ಲೆ. ಆದ್ದರಿಂದ ಪರಿಹಾರ ಕಮಿಟಿಯ ಕಾರ್ಯದರ್ಶಿಯಾದೆ. ಮೊದಲ ತಿಂಗಳು ದಾನಿಗಳ ಬಂಡಿಗಳು ಸಾಲುಗಟ್ಟಿ ಬಂದವು. ಆಳಂದದ ವ್ಯಾಪಾರಿಯೊಬ್ಬರು ಸುಡುಬಿಸಿಲಿನಲ್ಲಿ ಕಂಬಳಿ ಕಳಿಸಿದರು. ಬೇಡವೆಂದು ಬರೆದರೆ ಇನ್ನೊಂದು ಬಂಡಿ ಕಂಬಳಿ ಕಳಿಸಿದರು. ಅಫಜಲಪುರದ ಸಾಹುಕಾರರೊಬ್ಬರು ಹೊಸ ಮನೆಗಳನ್ನು ಕಟ್ಟಿಸಿಕೊಟ್ಟರು. ಆದರೆ ತಮ್ಮ ಹೆಸರಿನ ಕಲ್ಲು ದಾರಿಹೋಕರಿಗೆ ಕಾಣಬೇಕೆಂದು ಎಲ್ಲ ಬಾಗಿಲುಗಳನ್ನೂ ರಸ್ತೆಗೆ ತಿರುಗಿಸಿದರು. ರಸ್ತೆಯ ಧೂಳು ನೇರ ಒಲೆಗೆ ಬರುತ್ತಿತ್ತು. ಹೆಂಗಸರು ಹಿತ್ತಲಲ್ಲಿ ರೊಟ್ಟಿ ಬಡಿಯುತ್ತಿದ್ದರು.

ಬಿದ್ದ ಮನೆಗಳಿಗೆ ದಾನಿಗಳಿದ್ದರು. ಬಿರುಕುಬಿಟ್ಟು ನಿಂತ ಮನೆಗಳಿಗೆ ಯಾರೂ ಇರಲಿಲ್ಲ. ಅವುಗಳ ಹಳೆಯ ಮಣ್ಣನ್ನು ಇಳಿಸಿ ತೊಲೆಗಳಿಗೆ ಊರೆಗಂಬ ಕೊಡದಿದ್ದರೆ ಒಂದು ದೊಡ್ಡ ಮಳೆಗೆ ಕೂರುತ್ತವೆ ಎಂದು ಊರಿನ ಮನೆಗಳನ್ನು ಕಟ್ಟಿದ ನಮ್ಮ ಮುದಿ ಗೌಂಡಿ ಹೇಳಿ ಹೇಳಿ ಸೋತ. ಮಣ್ಣು ಇಳಿಸಿದ ಮಾಳಿಗೆಯ ಮೇಲೆ ಹೆಸರು ಬರೆಸಲು ಬರುತ್ತದೆಯೆ? ಮೊದಲ ವರ್ಷ ಮಳೆ ಕಡಿಮೆಯಾಗಿ ಆ ಮನೆಗಳು ಹೇಗೋ ನಿಂತವು. ಎರಡನೆಯ ವರ್ಷ ಕಾಡಿ ಬೇಡಿದ ಮೇಲೆ ಸಾಹುಕಾರರು ಒಂದು ವಾರದ ಮಟ್ಟಿಗೆ ಕೆಲವು ಆಳುಗಳನ್ನು ಕೊಟ್ಟರು. ಯಾರ ಮನೆ ಮೊದಲು, ಯಾರದು ಆಮೇಲೆ ಎಂಬ ಪಟ್ಟಿ ನನ್ನ ಕೈಯಲ್ಲಿತ್ತು.

ಅದರಲ್ಲಿ ನನ್ನ ಸೋದರತ್ತೆಯ ಮನೆಯೂ ಇತ್ತು. ಗಂಡ ತೀರಿದ ಮೇಲೆ ಒಬ್ಬಳೇ ಇದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಆಕೆಯ ತೊಲೆ ಎಲ್ಲರದಕ್ಕಿಂತ ಹೆಚ್ಚು ಸೀಳಿದೆ, ಮೊದಲು ಅಲ್ಲಿಂದಲೇ ಶುರುಮಾಡು ಎಂದು ಗೌಂಡಿ ಹೇಳಿದ್ದ. ನಾನು ಆಕೆಯ ಹೆಸರನ್ನು ಕೊನೆಗೆ ಬರೆದೆ. ತನ್ನವರಿಗೆ ಮೊದಲು ಮಾಡಿಕೊಟ್ಟ ಎಂದು ಊರು ಆಡಬಾರದಲ್ಲ. ನನ್ನ ಪ್ರಾಮಾಣಿಕತೆಯನ್ನು ಚಾವಡಿಯಲ್ಲಿ ಹೊಗಳಿದರು. ಹಿಗ್ಗಿದೆ.

ನಾಲ್ಕನೆಯ ದಿನ ಸಾಹುಕಾರರ ಮನುಷ್ಯ ಬಂದ. ಫೋಟೋ ತೆಗೆಯುವವರು ಬರುವವರಿದ್ದಾರೆ, ಹೊಸ ಮನೆಗಳಿಗೆ ಸುಣ್ಣ ಹೊಡೆಯಬೇಕು, ಆಳುಗಳನ್ನು ಕೊಡು ಎಂದ. ಎದುರಾಡದೆ ಕೊಟ್ಟೆ. ಉಳಿದದ್ದು ಅತ್ತೆಯದೂ ಇನ್ನೆರಡು ಮನೆಗಳೂ.

ಮರುದಿನ ಅತ್ತೆ ಕಮಿಟಿಯ ಕಟ್ಟೆಗೇ ಬಂದಳು.

"ನನ್ನ ಸರದಿ ಯಾವಾಗೋ ಸೆಕ್ರೆಟರಿ ಸಾಹೇಬ? ಬೀಸಾಕ ಕುಂತ್ರ ಹಿಟ್ಟಿನ್ಯಾಗ ಮಣ್ಣ ಬೀಳಾಕತ್ತದ."

"ಮುಂದಿನ ವಾರ ನೋಡೂಣು ಅತ್ತಿ. ಆಳು ಇಲ್ಲ."

"ಆಳು ಯಾಕ ಬೇಕೋ? ನೀ ಒಂದಿನ ಸಲಿಕಿ ಹಿಡದ್ರ ಆಗ್ತದ. ನಾ ಬುಟ್ಟಿ ಹೊರ್ತೀನಿ."

ಅಲ್ಲಿ ನಾಲ್ಕು ಜನ ಕೂತಿದ್ದರು. ನನ್ನ ಮೈಮೇಲೆ ಇಸ್ತ್ರಿ ಮಾಡಿದ ಕೋಟಿತ್ತು.

"ನಾ ಕಮಿಟಿ ಮನಷ್ಯಾ ಇದ್ದೀನಿ. ಎಲ್ಲಾರಂಗ ನೀನೂ ತಡೀಬೇಕು," ಎಂದೆ.

ಆಕೆ ನನ್ನ ಕೋಟನ್ನೊಮ್ಮೆ ನೋಡಿ, "ಆತು ಬಿಡಪಾ," ಎಂದು ಹೋದಳು.

ಆ ವಾರ ಆಳು ಬರಲಿಲ್ಲ, ಮಳೆ ಬಂತು. ಎರಡು ದಿನ ಬಿಡದೆ ಸುರಿಯಿತು. ಮೂರನೆಯ ಮುಂಜಾನೆ ಅತ್ತೆ ಬೀಸುಕಲ್ಲಿನ ಮುಂದೆ ಕೂತಿದ್ದಾಗ ತೊಲೆ ಮುರಿದು, ನೆನೆದ ಮಣ್ಣೆಲ್ಲ ಒಳಗೆ ಬಿತ್ತು. ಅಂದು ಸಲಿಕೆ ಹಿಡಿದೆ. ಕೋಟು ಎಲ್ಲಿ ಬಿಸಾಕಿದೆನೋ ನೆನಪಿಲ್ಲ. ಜೀವಂತ ಸಿಕ್ಕಳು. ಬಲಗಾಲು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ.

ಈಗ ಅದು ಬಿದ್ದ ಮನೆಯಾಯಿತಲ್ಲ, ಕೂಡಲೇ ದಾನಿ ಸಿಕ್ಕರು. ರಸ್ತೆಗೆ ಬಾಗಿಲು, ಬಾಗಿಲ ಮೇಲೆ ಹೆಸರಿನ ಕಲ್ಲು, ಜೊತೆಗೊಂದು ಆಳಂದದ ಕಂಬಳಿ. ಆ ಹೊಸ್ತಿಲು ದಾಟಲು ಕೋಲೂರಿ ಅತ್ತೆ ಹೆಣಗುವುದನ್ನು ವರ್ಷಗಟ್ಟಲೆ ನೋಡಿದೆ. ಯಾರಾದರೂ ನನ್ನ ಮಾತೆತ್ತಿದರೆ, ಊರಿನ ಕೆಲಸದಲ್ಲಿ ಅವನಿಗೆ ಪುರುಸೊತ್ತೆಲ್ಲಿತ್ತು ಎಂದು ಆಕೆಯೇ ಅನ್ನುತ್ತಿದ್ದಳಂತೆ. ನಾನು ಹೋದಾಗೆಲ್ಲ ಮಜ್ಜಿಗೆ ಕೊಡುತ್ತಿದ್ದಳು. ಕುಡಿದು, ಮಳೆಬೆಳೆಯ ಮಾತಾಡಿ ಎದ್ದು ಬರುತ್ತಿದ್ದೆ.

ಆ ವರ್ಷದ ವರದಿ ತಡವಾಯಿತೆಂದು ದಾನಿಗಳಿಗೆ ಕ್ಷಮೆ ಕೇಳಿ ಕಾಗದ ಬರೆದಿದ್ದೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ. ಫೋಟೋ ತೆಗೆಯುವವರಿಗೂ ಕೆಸರಿನ ದಾರಿಗಾಗಿ ಕ್ಷಮೆ ಕೇಳಿದ್ದೆ. ಕೇಳದೆ ಉಳಿದದ್ದು ಒಬ್ಬಳನ್ನು, ನನ್ನ ಅತ್ತೆಯನ್ನು.